ದೇವಕಿ ಅಕ್ಕನ ಪಾರಣೆ

ಕಾಸರಗೋಡು
ನವೆಂಬರ್ 6, ಗುರುವಾರ

ಮುರಳೀಕೃಷ್ಣ ಭಟ್ಟರಿಗೆ ಸೌಮ್ಯಶ್ರೀಯ ನಮಸ್ಕಾರ.

‘ಪ್ರೀತಿಯ’ ಎಂದು ಶುರುಮಾಡುವುದೋ ‘ಮಾನ್ಯರೇ’ ಎಂದೋ ತಿಳಿಯದೆ ಒಂದು ಹಾಳೆ ಹಾಳುಮಾಡಿದೆ. ಕೊನೆಗೆ ಬರೀ ಹೆಸರೇ ಇರಲಿ ಅಂದುಕೊಂಡೆ. ಬೇರೆ ಬೇರೆ ಇರಲು ತೊಡಗಿ ನಾಲ್ಕು ವರ್ಷವಾದ ಗಂಡನಿಗೆ ಹೆಂಡತಿ ಹೇಗೆ ಬರೆಯಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿರಲಿಲ್ಲ.

ಇವತ್ತು ಬೆಳಗ್ಗೆ ಅಡೂರಿನ ಬಸ್ಸಿನ ಕಂಡಕ್ಟರ್ ಜಯಂತನ ಕೈಯಲ್ಲಿ ನೀವು ಕಳಿಸಿದ ಪಾಯಸದ ಕ್ಯಾರಿಯರನ್ನು ಅವನ ಕೈಯಲ್ಲೇ ವಾಪಸು ಕಳಿಸುತ್ತಿದ್ದೇನೆ. ಸಿಟ್ಟು ಮಾಡುವುದಾದರೆ ಕಾಗದ ಪೂರ್ತಿ ಓದಿದ ಮೇಲೆ ಮಾಡಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮಂಗಳವಾರ ಐಸಿಯುವಿನ ಬಾಗಿಲಲ್ಲಿ ನಾವಿಬ್ಬರೂ ಹಾಕಿದ ಬೊಬ್ಬೆಗೆ ಸೆಕ್ಯುರಿಟಿಯವ ಓಡಿ ಬಂದದ್ದು ನೆನಪಿದೆಯಲ್ಲ. ನಾನು ಇದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ನನಗೆ ನಾಳೆಯೂ ಅವನ ಮುಖ ನೋಡಬೇಕು.

ಮೊದಲು ಮುಖ್ಯವಾದದ್ದು. ನಿಮ್ಮ ಅಕ್ಕ ಇದ್ದಾರೆ, ಮಾತಾಡುತ್ತಾರೆ. ಆದರೆ ಅಪಾಯ ಕಳೆದಿಲ್ಲ. ಅವರಿಗೆ ಬಂದದ್ದು ಹೃದಯದ ರೋಗವಲ್ಲ, ಕಿಡ್ನಿಯದ್ದೂ ಅಲ್ಲ. ಅವರನ್ನು ಮಲಗಿಸಿದ್ದು ನೀವು ಉಣಿಸಿದ ಊಟ. ಇದನ್ನು ನಾನು ಹಂಗಿಸಲು ಬರೆಯುತ್ತಿಲ್ಲ, ದಯವಿಟ್ಟು ಮುಂದೆ ಓದಿ.

ಭಾನುವಾರ ಉತ್ಥಾನ ದ್ವಾದಶಿ. ನಾಲ್ಕು ತಿಂಗಳ ಚಾತುರ್ಮಾಸ್ಯ ವ್ರತ ಮುಗಿಸಿದ ದೇವಕಿ ಅಕ್ಕನಿಗೆ ಪಾರಣೆ, ಎಂದರೆ ಉಪವಾಸ ಬಿಡುವ ಊಟ. ಅಕ್ಕನ ಪಾರಣೆಗೆ ತಮ್ಮನಾದ ನೀವು, ಸೀಮೆಗೇ ಹೆಸರಾದ ಅಡುಗೆ ಭಟ್ಟರು, ಕೈಕಟ್ಟಿ ಕೂರುತ್ತೀರಾ? ಹೆಸರುಬೇಳೆ ಪಾಯಸ, ಹೋಳಿಗೆ, ಹಾಲು, ತುಪ್ಪ. ಅಕ್ಕ ಅನ್ನ, ಹೋಳಿಗೆ ಮುಟ್ಟಲಿಲ್ಲ, ಪಾಯಸ ಮಾತ್ರ ಲೋಟ ಲೋಟ ಕುಡಿದರು ಎಂದು ನೀವೇ ಮಂಗಳವಾರ ಡಾಕ್ಟರ್ ಸುಜನ್ ಹತ್ತಿರ ಹೇಳಿದಿರಿ. ಹೇಳುವಾಗ ನಿಮ್ಮ ಮುಖದಲ್ಲಿ ಆ ಆಪತ್ತಿನಲ್ಲೂ ಸಣ್ಣದೊಂದು ಹೆಮ್ಮೆ ಇತ್ತು. ಸೋಮವಾರವೂ ಪಾಯಸ, ಮಂಗಳವಾರವೂ ಪಾಯಸ. ಮಂಗಳವಾರ ಮಧ್ಯಾಹ್ನ ಕಾಲು ಬಾತು, ಉಸಿರು ಕಟ್ಟಿ, ಮಾತು ತೊದಲಿತು.

ಬಾತ ಕಾಲು ನೋಡಿ ಡಾಕ್ಟರು ಮೊದಲು ಕಿಡ್ನಿಯನ್ನೇ ಸಂಶಯಪಟ್ಟರು. ನಾನು ಬಂದದ್ದು ಅತ್ತಿಗೆಯನ್ನು ನೋಡಲಿಕ್ಕೆ, ಡಯಟಿಷಿಯನ್ ಆಗಿ ಅಲ್ಲ. ಅವರ ಕೈ ಎತ್ತಿ ಹಿಡಿದುಕೊಂಡೆ ನೋಡಿ, ಗಾಜಿನ ಬಳೆಗಳು ಮೊಣಕೈ ದಾಟಿ ರಟ್ಟೆಯವರೆಗೆ ಜಾರಿ ಹೋದವು. ಸೀರೆಯೊಳಗೆ ಅಕ್ಕ ಇರಲೇ ಇಲ್ಲ. ನಾನು ತಲೆಯೆತ್ತುವಾಗ ಡಾಕ್ಟರೂ ಅದೇ ಬಳೆಗಳನ್ನು ನೋಡುತ್ತಿದ್ದರು. ಇಬ್ಬರ ಬಾಯಿಂದಲೂ ಒಂದೇ ರಕ್ತಪರೀಕ್ಷೆಯ ಹೆಸರು ಬಂತು.

ಇದಕ್ಕೆ ಪುಸ್ತಕದಲ್ಲಿ ದೊಡ್ಡ ಹೆಸರೊಂದುಂಟು. ನಾನು ಅದರ ಬಗ್ಗೆ ಓದಿ, ಪರೀಕ್ಷೆ ಬರೆದು ಪಾಸಾದವಳು. ಕಣ್ಣಾರೆ ಕಂಡದ್ದು ಇದೇ ಮೊದಲು. ಹೆದರಿಕೆಯ ನಡುವೆಯೂ ನನಗೆ ಎಂಥ ಸೋಜಿಗ ಗೊತ್ತುಂಟಾ! ಹಸಿದು ಬದುಕಿದ್ದ ಮನುಷ್ಯ ಉಂಡ ಮೇಲೆ ಸಾಯಲಿಕ್ಕೆ ಹೊರಡುವುದೆಂದರೆ ಯಾವ ನ್ಯಾಯ?

ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ವರ್ಷಗಟ್ಟಲೆ ಊಟವಿಲ್ಲದೆ ಮುಚ್ಚಿದ ಒಂದು ಛತ್ರ ಇದೆ ಎಂದಿಟ್ಟುಕೊಳ್ಳಿ. ಒಲೆ ತಣ್ಣಗಾಗಿದೆ, ಅಡುಗೆಯವರು ಮೂಲೆಯಲ್ಲಿ ಮಲಗಿದ್ದಾರೆ, ಉಗ್ರಾಣದಲ್ಲಿ ಒಂದು ಸೇರು ಉಪ್ಪು ಮಾತ್ರ ಉಳಿದಿದೆ. ಮಲಗಿದವರಿಗೆ ಏನೂ ಬೇಡ, ಹಾಗಾಗಿ ಅಷ್ಟು ಉಪ್ಪು ಸಾಕಾಗುತ್ತಿತ್ತು. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಸಾವಿರ ಜನರ ಅಕ್ಕಿ ಬೆಲ್ಲ ಬಂದು ಬೀಳುತ್ತದೆ. ಎಲ್ಲರೂ ಎದ್ದು ಎಲ್ಲ ಒಲೆಗಳಿಗೂ ಒಮ್ಮೆಲೇ ಬೆಂಕಿ ಹಾಕುತ್ತಾರೆ, ಕಂಡ ಕಂಡವರು ಉಪ್ಪಿಗೆ ಕೈ ಹಾಕುತ್ತಾರೆ. ಕ್ಷಣದಲ್ಲಿ ಉಗ್ರಾಣ ಬರಿದು. ಮೈಯೊಳಗೆ ಆ ಉಪ್ಪಿಗೆ ಫಾಸ್ಫೇಟು, ಪೊಟ್ಯಾಸಿಯಂ ಎಂದು ಹೆಸರು. ಸಿಹಿ ಹೊಟ್ಟೆಗೆ ಬಿದ್ದ ಕೂಡಲೇ ಮಲಗಿದ್ದ ಜೀವಕೋಶಗಳೆಲ್ಲ ಎದ್ದು ರಕ್ತದಲ್ಲಿದ್ದ ಅಷ್ಟನ್ನೂ ಒಳಗೆಳೆದುಕೊಳ್ಳುತ್ತವೆ. ಆಮೇಲೆ ಹೃದಯಕ್ಕೆ ಬಡಿಯಲಿಕ್ಕೆ, ಎದೆಗೆ ಉಸಿರೆಳೆಯಲಿಕ್ಕೆ ಏನೂ ಉಳಿಯುವುದಿಲ್ಲ.

ಆದ್ದರಿಂದ ಈಗ ನಾವು ಮಾಡುತ್ತಿರುವುದು ಇಷ್ಟು. ಮೊದಲು ವಿಟಮಿನ್ ಇಂಜೆಕ್ಷನ್, ಆಮೇಲೆ ಆಹಾರ. ಅದೂ ನೀವು ಒಂದು ಸೌಟಿನಲ್ಲಿ ಬಡಿಸುವುದನ್ನು ಇಡೀ ದಿನಕ್ಕೆ ಹಂಚಿ, ತೆಳ್ಳಗಿನ ಹಾಲಿನಂಥದ್ದು. ರಕ್ತ ನೋಡಿ, ಖಾಲಿಯಾದದ್ದನ್ನು ನರದ ಮೂಲಕ ತುಂಬಿಸಿ, ಮತ್ತೆ ಒಂದು ಗುಟುಕು ಹೆಚ್ಚಿಸುವುದು. ನೀವು ಮದುವೆಮನೆಗಳಲ್ಲಿ ನನ್ನ ಉದ್ಯೋಗವನ್ನು ‘ಗಂಜಿ ಅಳೆಯುವ ಕೆಲಸ’ ಎಂದು ತಮಾಷೆ ಮಾಡುವುದು ನನ್ನ ಕಿವಿಗೂ ಬಿದ್ದಿದೆ. ಹೌದು, ಈಗ ಅದನ್ನೇ ಮಾಡುತ್ತಿದ್ದೇನೆ.

ನನಗೆ ಅರ್ಥವಾಗದ ಸಂಗತಿ ಒಂದು ಉಳಿದಿದೆ. ವ್ರತ ಹಿಡಿದವರು ಹಾಲು ಕುಡಿಯುತ್ತಾರೆ, ಬಾಳೆಹಣ್ಣು, ಅವಲಕ್ಕಿ, ಉಪ್ಪಿಟ್ಟು ತಿನ್ನುತ್ತಾರೆ. ಕೆಲವರು ವ್ರತದಲ್ಲೇ ದಪ್ಪಗಾಗುತ್ತಾರೆ. ಬರೀ ವ್ರತದಿಂದ ಮೈ ಹೀಗೆ ಆಗುವುದಿಲ್ಲ. ನಾಲ್ಕು ತಿಂಗಳು ಅಕ್ಕ ನಿಜವಾಗಿ ಏನು ತಿಂದರು? ಅವರನ್ನು ಕೇಳಿದರೆ, “ದೇವರ ಪ್ರಸಾದ” ಎಂದು ನಗುತ್ತಾರೆ. ನೀವು ನೋಡಿದ್ದನ್ನು ಬರೆಯಿರಿ. ಅಲ್ಲಿಯವರೆಗೆ ಒಂದು ಹನಿ ಪಾಯಸವನ್ನೂ ಕಳಿಸಬೇಡಿ, ಕೈಮುಗಿಯುತ್ತೇನೆ.

ಇತಿ,
ಸೌಮ್ಯಶ್ರೀ

ತಾ.ಕ.: ಕ್ಯಾರಿಯರ್ ತೆರೆಯಲಿಲ್ಲ ಎಂದು ಜಯಂತನ ಹತ್ತಿರ ಹೇಳಿದ್ದೇನೆ. ಮೇಲಿನ ಮುಚ್ಚಳ ಒಮ್ಮೆ ತೆರೆದೆ. ಏಲಕ್ಕಿಯನ್ನು ಈಗಲೂ ಮಿಕ್ಸಿಗೆ ಹಾಕದೆ ಕುಟ್ಟಿಯೇ ಹಾಕುತ್ತೀರಿ ಎಂದು ಗೊತ್ತಾಯಿತು. ಮುಚ್ಚಿಬಿಟ್ಟೆ.

*

ಅಡೂರು
ನವೆಂಬರ್ 8, ಶನಿವಾರ

ಸೌಮ್ಯಾ,

ಕಾಗದ ಸಿಕ್ಕಿತು. ಕ್ಯಾರಿಯರೂ ಸಿಕ್ಕಿತು. ನಾನು ಸೌಟು ಹಿಡಿದ ಮೇಲೆ ತುಂಬಿ ಕಳಿಸಿದ ಪಾತ್ರೆ ತುಂಬಿಯೇ ವಾಪಸು ಬಂದದ್ದು ಇದೇ ಮೊದಲು. ಜಯಂತ ಅದನ್ನು ಬಸ್‌ಸ್ಟಾಂಡಿನಲ್ಲಿ ಎಲ್ಲರ ಎದುರು ಕೊಟ್ಟ. “ಭಟ್ರೇ, ಅಕ್ಕ ತಿನ್ಲಿಲ್ವಂತೆ” ಎಂದು ದೊಡ್ಡ ಸ್ವರದಲ್ಲಿ ಬೇರೆ ಹೇಳಿದ. ಅಲ್ಲಿ ಚಾ ಕುಡಿಯುತ್ತಿದ್ದವರಲ್ಲಿ ಅರ್ಧ ಜನ ನನ್ನ ಕೈಯೂಟ ಉಂಡವರು. ನನ್ನ ಮುಖ ಎಲ್ಲಿಡುವುದು ಎಂದು ಆಯಿತು.

ನಿನ್ನ ಛತ್ರದ ಕಥೆಯನ್ನು ಎರಡು ಸಲ ಓದಿದೆ. ಸುಳ್ಳು ಹೇಳುವುದಿಲ್ಲ, ನನಗೆ ಅದು ಹಿಡಿಸಿತು. ಆದರೆ ಒಂದು ಕೇಳುತ್ತೇನೆ. ಉಗ್ರಾಣದಲ್ಲಿ ಉಪ್ಪು ಮುಗಿದರೆ ನಾವು ಪೇಟೆಗೆ ಜನ ಓಡಿಸಿ ಉಪ್ಪು ತರಿಸುತ್ತೇವೆ. ಊಟವನ್ನೇ ನಿಲ್ಲಿಸಿ ಎಲೆ ಹಾಕಿ ಹಂತಿಯಲ್ಲಿ ಕೂತವರನ್ನು ಎಬ್ಬಿಸಿ ಕಳಿಸುತ್ತೇವಾ? ನೀವು ಆ ಫಾಸ್ಫೇಟೋ ಎಂತದೋ, ಅದನ್ನು ಧಾರಾಳ ಹಾಕಿ. ನಾನು ಧಾರಾಳ ಊಟ ಹಾಕುತ್ತೇನೆ. ಅಲ್ಲಿಗೆ ಸರಿಯಾಯಿತಲ್ಲ. ಒಂದೊಂದು ಗುಟುಕು ಕೊಟ್ಟು ಜೀವ ಎಳೆಯುವುದು ನೋಡಲಿಕ್ಕಾಗದ ಕೆಲಸ.

ಅಕ್ಕ ಎಂತ ತಿಂದಳು ಎಂದು ಕೇಳಿದೆ. ನಾನು ಹೇಳುವುದು ನಾನು ನೋಡಿದ್ದು. ಮೊದಲು ಸೋಮವಾರದ ಉಪವಾಸ ಹಿಡಿದಳು. ಆಮೇಲೆ ಗುರುವಾರ. ಷಷ್ಠಿ ಮೊದಲೇ ಇತ್ತು, ಸಂಕಷ್ಟಿ, ಏಕಾದಶಿ, ಪ್ರದೋಷ ಸೇರಿದವು. ಶನಿವಾರಕ್ಕೆ ಶನಿ. ಆಷಾಢದಲ್ಲಿ ಚಾತುರ್ಮಾಸ್ಯ ಬಂದಾಗ, ಇನ್ನು ಬಿಡಿ ಬಿಡಿ ಲೆಕ್ಕ ಯಾಕೆ ಎಂದು ಎಲ್ಲ ಒಟ್ಟಿಗೇ ಹಿಡಿದಳು. ದೇವರ ಕೋಣೆಯ ಬಾಗಿಲು ಹಾಕಿಕೊಂಡು ಫಲಾಹಾರ ಮಾಡುತ್ತೇನೆ ಎನ್ನುತ್ತಿದ್ದಳು. ನಾನು ಬಾಳೆಹಣ್ಣು, ಹಾಲು, ಅವಲಕ್ಕಿ ಇಟ್ಟು ಬರುತ್ತಿದ್ದೆ. ಬಟ್ಟಲು ಖಾಲಿಯಾಗಿ ಬರುತ್ತಿತ್ತು. ಅದಕ್ಕಿಂತ ಹೆಚ್ಚು ನೋಡುವುದು ಎಂತ ಉಂಟು?

ಊರಿನವರು ಅವಳ ಕಾಲಿಗೆ ಬೀಳಲಿಕ್ಕೆ ಶುರುಮಾಡಿದ್ದರು ಗೊತ್ತುಂಟಾ? ಮುಳ್ಳೇರಿಯದಿಂದ ಒಬ್ಬಳು ಹೆಂಗಸು ಮಗಳಿಗೆ ಗಂಡು ಕೂಡಿ ಬರಲಿ ಎಂದು ಅವಳ ಕೈಯಿಂದ ಕುಂಕುಮ ತೆಗೆದುಕೊಂಡು ಹೋದಳು. ವ್ರತ ಹಿಡಿದವರನ್ನು ಎಬ್ಬಿಸಿ ನೀನು ಊಟ ಮಾಡು ಎಂದು ಹೇಳುವ ಕ್ರಮ ನಮ್ಮಲ್ಲಿ ಉಂಟಾ? ನಾನು ಹೇಳಿ, ವ್ರತ ಮುರಿದು, ಅವಳಿಗೆ ಏನಾದರೂ ಆದರೆ? ಹಾಗೆಂದು ಸುಮ್ಮನಿದ್ದೆ. ಪಾರಣೆಯ ದಿನ ಕಾಯುತ್ತಿದ್ದೆ. ಆ ಪಾಯಸಕ್ಕೆ ನಾನು ಹಾಕಿದಷ್ಟು ಮನಸ್ಸನ್ನು ಯಾವ ಮದುವೆಗೂ ಹಾಕಿದವನಲ್ಲ.

ನಿನಗೆ ಗೊತ್ತಿಲ್ಲದ್ದೇನಲ್ಲ, ಅಮ್ಮ ಹೋಗುವಾಗ ನಾನು ಶಾಲೆಗೂ ಹೋಗದ ಕೂಸು. ಅಕ್ಕ ಮದುವೆ ಬೇಡ ಎಂದು ಕೂತು ನನ್ನನ್ನು ಉಣಿಸಿ ಬೆಳೆಸಿದಳು. ಅಮ್ಮನಿಗೆ ಕೊನೆಗೆ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ, ಅನ್ನನಾಳದ ಕ್ಯಾನ್ಸರು. ಹಸಿದು ಹೋದ ತಾಯಿಯ ಮಗ ಅಡುಗೆಯವನಾದದ್ದು ಸುಮ್ಮನೆ ಅಲ್ಲ. ಈಗ ಅಕ್ಕನೂ ನನ್ನ ಕಣ್ಣೆದುರು ಎಲುಬು ಕಾಣುವ ಹಾಗೆ ಮಲಗಿದರೆ ನಾನು ಕೈಕಟ್ಟಿ ಕೂರುವುದಾ? ಅವಳು ಹೋದರೆ ನನಗೆ ಯಾರಿದ್ದಾರೆ, ಅದನ್ನಾದರೂ ಯೋಚಿಸು.

ಮುರಳೀಕೃಷ್ಣ

ತಾ.ಕ.: ಅಕ್ಕನನ್ನು ಇವತ್ತು ಬೆಳಗ್ಗೆ ವಾರ್ಡಿಗೆ ಹಾಕಿದ್ದಾರೆಂದು ರಿಸೆಪ್ಶನಿಗೆ ಫೋನು ಮಾಡಿ ತಿಳಿದುಕೊಂಡೆ. ಜಯಂತನ ಹತ್ತಿರ ಒಂದು ಫ್ಲಾಸ್ಕು ಪಾಯಸ ಉಂಟು. ಅದು ನಿನಗಲ್ಲ. ಮೊದಲು ಅಕ್ಕನ ಕೈಗೆ ಕೊಟ್ಟು ಆಮೇಲೆ ಈ ಕಾಗದವನ್ನು ನಿನ್ನ ಮೇಜಿನ ಮೇಲಿಡಲು ಹೇಳಿದ್ದೇನೆ. ನೀನು ಇಲ್ಲಿಯವರೆಗೆ ಓದುವಾಗ ಅವಳು ಕುಡಿದಾಗಿರುತ್ತದೆ.

*

ಕಾಸರಗೋಡು
ನವೆಂಬರ್ 17, ಸೋಮವಾರ

ಭಟ್ಟರೇ,

ಈ ಕಾಗದ ತಡವಾದದ್ದು ಬೇಕೆಂದೇ. ಶನಿವಾರವೇ ಬರೆದಿದ್ದರೆ ಅದರಲ್ಲಿ ಬರೀ ಬೈಗುಳ ಇರುತ್ತಿತ್ತು. ನನಗೆ ತುಳುವಿನಲ್ಲಿ ಗೊತ್ತಿರುವ ಬೈಗುಳಗಳೂ ಸೇರಿ.

ನಿಮ್ಮ ತಾ.ಕ. ಓದಿ ನಾನು ಲಿಫ್ಟಿಗೆ ಕಾಯದೆ ಮೆಟ್ಟಿಲಲ್ಲಿ ಓಡಿದೆ. ಅಕ್ಕ ಫ್ಲಾಸ್ಕನ್ನು ದಿಂಬಿನ ಹಿಂದೆ ಇಡುತ್ತಿದ್ದರು, ತಳದಲ್ಲಿ ಒಂದು ತೊಟ್ಟು ಉಳಿದಿತ್ತು. ಸಂಜೆಯ ಹೊತ್ತಿಗೆ ಅವರ ಎದೆಬಡಿತ ತಾಳ ತಪ್ಪಿತು. ಮಾನಿಟರು ಕಿರುಚಲಿಕ್ಕೆ ಶುರುಮಾಡಿತು. ಡಾಕ್ಟರ್ ಸುಜನ್ ನನ್ನ ಮೇಲೆ ಹಾರಿಬಿದ್ದರು, “ಎಂತ ಮೇಡಂ, ನಿಮ್ಮ ಮನೆಯವರನ್ನೇ ನಿಮಗೆ ಹಿಡಿದು ನಿಲ್ಲಿಸ್ಲಿಕ್ಕೆ ಆಗುದಿಲ್ವಾ?” ನಿಲ್ಲಿಸಲಿಕ್ಕೆ ಆಗಿದ್ದರೆ ನಾನು ನಾಲ್ಕು ವರ್ಷದಿಂದ ಬಾಡಿಗೆ ಮನೆಯಲ್ಲಿ ಯಾಕೆ ಇರುತ್ತಿದ್ದೆ ಎಂದು ಅವರಿಗೆ ಹೇಳಲಿಲ್ಲ. ಅಕ್ಕನ ಕಾಲು ಹಿಡಿದುಕೊಂಡು ನಿಂತಿದ್ದೆ. ಕಾಲು ತಣ್ಣಗಿತ್ತು. ನನಗೆ ನಿಮ್ಮ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಆ ಹೊತ್ತಿನಲ್ಲಿ ನೀವು ಎದುರು ಬಂದಿದ್ದರೆ ಫ್ಲಾಸ್ಕಿನಲ್ಲೇ ಹೊಡೆಯುತ್ತಿದ್ದೆ.

ಅಕ್ಕ ಉಳಿದರು. ನರದಲ್ಲಿ ಹಾಕಿದ ಪೊಟ್ಯಾಸಿಯಂ ಕೆಲಸ ಮಾಡಿತು. ಈಗ ಅವರು ನಿಜಕ್ಕೂ ಚೆನ್ನಾಗಿದ್ದಾರೆ, ಕಾಲಿನ ಬಾವು ಇಳಿದಿದೆ, ಪಕ್ಕದ ಮಂಚದವಳ ಸೊಸೆಯ ಬಗ್ಗೆ ಎಲ್ಲ ವಿಚಾರಿಸಿಕೊಂಡಿದ್ದಾರೆ.

ನೀವು ಕೇಳಿದ ಪ್ರಶ್ನೆ ಒಳ್ಳೆಯದಿತ್ತು. ಉಪ್ಪನ್ನು ಧಾರಾಳ ತರಿಸಬಹುದಲ್ಲ ಎಂದಿರಿ. ತರಿಸುತ್ತಿದ್ದೇವೆ. ಆದರೆ ಉಗ್ರಾಣದ ಬಾಗಿಲು ಸಣ್ಣದು. ಪೊಟ್ಯಾಸಿಯಮನ್ನು ನರದಲ್ಲಿ ಜೋರಾಗಿ ಬಿಟ್ಟರೆ ಅದೇ ಹೃದಯವನ್ನು ನಿಲ್ಲಿಸುತ್ತದೆ. ತುಂಬಿಸುವುದಕ್ಕೂ ಅದರದ್ದೇ ವೇಗ ಉಂಟು. ಊಟದ ವೇಗ ಅದನ್ನು ಮೀರಬಾರದು, ಇಷ್ಟೇ ನನ್ನ ಇಡೀ ವಿದ್ಯೆ.

ಈಗ ಮುಖ್ಯ ವಿಷಯ. ಮರುದಿನ ಅಕ್ಕನಿಗೆ ಎಚ್ಚರ ಸರಿಯಾದ ಮೇಲೆ ಕೇಳಿದೆ. ಹೊರಗಿನದ್ದು ಒಂದು ಹನಿಯೂ ಬೇಡ, ಜೀವಕ್ಕೆ ಅಪಾಯ ಎಂದು ಹೇಳಿದ್ದೆನಲ್ಲ, ಯಾಕೆ ಕುಡಿದಿರಿ? “ಮುರಳಿ ಕಳಿಸಿದ್ದಲ್ವಾ. ಬೇಡ ಹೇಳಿದ್ರೆ ಅವನಿಗೆ ಬೇಜಾರಾಗ್ತದೆ” ಎಂದರು. ಜೀವಕ್ಕೆ ಅಪಾಯ ಎಂದು ಗೊತ್ತಿದ್ದೂ ಕುಡಿದರು. ಇದನ್ನು ಇನ್ನೊಮ್ಮೆ ಓದಿ.

ಅದೇ ಮಧ್ಯಾಹ್ನ ಸಿಸ್ಟರ್ ವಿಜೇತಾ ಒಂದು ಮಾತ್ರೆ ಕೊಟ್ಟಳು. ಅಕ್ಕ ಬಾಯಿಗೆ ಹಾಕಿ, ನೀರು ಕುಡಿದು, ನಕ್ಕರು. ಅವಳು ಆಚೆ ಹೋದದ್ದೇ ತಡ, ಮಾತ್ರೆಯನ್ನು ಸೆರಗಿಗೆ ಉಗುಳಿದರು. ನಾನು ಪರದೆಯ ಹಿಂದಿದ್ದೆ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಕುತೂಹಲ. ಹತ್ತಿರ ಕೂತು, “ಅಕ್ಕಾ, ಒಂದು ಸಲ ನುಂಗಿ ತೋರಿಸ್ತೀರಾ” ಎಂದೆ. ಅವರು ನುಂಗಲು ನೋಡಿದರು. ಮಾತ್ರೆ ಎದೆಯ ನಡುವೆ ಎಲ್ಲೋ ನಿಂತಿತು. ಕಣ್ಣಲ್ಲಿ ನೀರು ತುಂಬಿ, ಬೆವರಿ, ಕೊನೆಗೆ ಅದು ಹಾಗೆಯೇ ಮೇಲೆ ಬಂತು. ಆಮೇಲೆ ಅವರು ಅತ್ತರು. ಅಕ್ಕ ಅತ್ತದ್ದನ್ನು ನಾನು ಈವರೆಗೆ ಕಂಡಿರಲಿಲ್ಲ.

ಹೋದ ವರ್ಷದ ಅಷ್ಟಮಿಯ ಹೊತ್ತಿಗೆ ಶುರುವಾದದ್ದಂತೆ. ಮೊದಲು ದೋಸೆ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಅನ್ನ. ಆಮೇಲೆ ಬಾಳೆಹಣ್ಣೂ. ಕೊನೆಗೆ ನೀರಿನಂಥದ್ದು, ತೆಳ್ಳಗಿನ ಪಾಯಸದಂಥದ್ದು ಮಾತ್ರ ಇಳಿಯುತ್ತಿತ್ತು. ಅಮ್ಮನಿಗೆ ಆದದ್ದೇ ತನಗೂ ಆಗಿದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಆಸ್ಪತ್ರೆಗೆ ಹೋದರೆ ಹೌದು ಎನ್ನುತ್ತಾರೆ, ಹೋಗದಿದ್ದರೆ ಇಲ್ಲ ಎಂದು ತಿಳಿದುಕೊಳ್ಳಬಹುದಲ್ಲ. ಸರಿ, ಆದರೆ ನಿಮ್ಮ ಮನೆಯಲ್ಲಿ ಉಣ್ಣದೆ ಇರುವುದು ಹೇಗೆ? ಅನ್ನ ಬೇಡ ಎಂದರೆ, “ಯಾಕೆ, ಗಂಜಿ ಮಾಡ್ಲಾ?” ಗಂಜಿ ಬೇಡ ಎಂದರೆ, “ನೀರ್ದೋಸೆ ಹೊಯ್ಲಾ?” ಅದೂ ಬೇಡ ಎಂದರೆ ನಿಮ್ಮ ಮುಖ ಸಣ್ಣದಾಗಿ ಇಡೀ ದಿನ ಅಡುಗೆಕೋಣೆಯಲ್ಲಿ ಪಾತ್ರೆಗಳ ಸದ್ದು. ಹಂತಿಯಲ್ಲಿ ಕೂತವನು ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳಿನ ಸಂದಿಯಲ್ಲಿ ತುಪ್ಪ ಬಿಡುವವರು ನೀವು. ಅದಕ್ಕೆ ಜನ ನಿಮ್ಮನ್ನು ಹೊಗಳುತ್ತಾರೆ. ಮನೆಯವರು ಎಲ್ಲಿಗೆ ಹೋಗಬೇಕು?

ಅಕ್ಕ ದಾರಿ ಹುಡುಕಿದರು. ಒಂದು ಸೋಮವಾರ, “ಇವತ್ತು ನನಗೆ ಉಪವಾಸ” ಎಂದರಂತೆ. ನೀವು ಸೌಟು ಕೆಳಗಿಟ್ಟು ಕೈಮುಗಿದಿರಂತೆ. ಒಂದು ಪ್ರಶ್ನೆ ಕೇಳಲಿಲ್ಲ. “ಎಷ್ಟು ಸುಖ ಆಯ್ತು ಗೊತ್ತುಂಟಾ ಸೌಮ್ಯಾ, ಆ ದಿನ ನನ್ನನ್ನು ಯಾರೂ ಎಂತದೂ ಕೇಳ್ಲಿಲ್ಲ” ಎಂದು ಹೇಳುವಾಗ ಅವರ ಮುಖ ಅರಳಿತು. ಹಾಗೆ ಗುರುವಾರ ಬಂತು, ಪ್ರದೋಷ ಬಂತು, ಶನಿ ಬಂತು. ಊರವರು ಕಾಲಿಗೆ ಬೀಳತೊಡಗಿದಾಗ ಮಾತ್ರ ಅಕ್ಕನಿಗೆ ನಾಚಿಕೆಯಾಗುತ್ತಿತ್ತಂತೆ. ಒಂದೆರಡು ಗುಟುಕು ಹಾಲು ಬಿಟ್ಟು ನೀವಿಟ್ಟ ಬಾಳೆಹಣ್ಣು, ಅವಲಕ್ಕಿ ಎಲ್ಲ ಕಿಟಕಿಯಿಂದ ದನದ ಹಟ್ಟಿಗೆ ಹೋಗುತ್ತಿತ್ತು. ನಿಮ್ಮ ದನ ದಪ್ಪಗಾದದ್ದನ್ನಾದರೂ ನೀವು ಗಮನಿಸಬಹುದಿತ್ತು.

ಗುರುವಾರ ಗಂಟಲಿನಲ್ಲಿ ಕ್ಯಾಮರಾ ಇಳಿಸಿ ನೋಡಿದರು. ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇವತ್ತು ಬಂತು. ಕ್ಯಾನ್ಸರ್ ಅಲ್ಲ. ಅಲ್ಲವೇ ಅಲ್ಲ. ವರ್ಷಗಟ್ಟಲೆ ಹುಳಿತೇಗು ಮೇಲೆ ಬಂದು ಬಂದು ಅನ್ನನಾಳದ ತುದಿ ಗಾಯವಾಗಿ, ಒಣಗಿ, ಕಿರಿದಾಗಿದೆ. ನಾಡಿದ್ದು ಬುಧವಾರ ಅದನ್ನು ಒಳಗಿನಿಂದ ಹಿಗ್ಗಿಸುತ್ತಾರೆ, ಮುಂದೆ ಬೇಕಾದರೆ ಇನ್ನೊಮ್ಮೆ ಮಾಡುತ್ತಾರೆ. ಸುದ್ದಿ ಹೇಳಿದಾಗ ಅಕ್ಕ, “ಹಾಗಾದ್ರೆ ಇಷ್ಟು ವ್ರತ ಸುಮ್ಮನೆ ಮಾಡಿದ್ದಾ ನಾನು?” ಎಂದರು. ನಾನೂ ವಿಜೇತಾಳೂ ನಕ್ಕು ಸುಸ್ತಾದೆವು.

ಈಗ ನಿಮಗೊಂದು ಕ್ಯಾಟರಿಂಗ್ ಆರ್ಡರು. ಶನಿವಾರದಿಂದ ಮನೆಯ ಆಹಾರ ಕೊಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಕುಚ್ಚಿಲಕ್ಕಿಯನ್ನು ಚೆನ್ನಾಗಿ ಬೇಯಿಸಿ, ನುರಿದು, ಸೋಸಿದ ಗಂಜಿ. ಉಪ್ಪು ಚಿಟಿಕೆ ಮಾತ್ರ, ಬಾವು ಈಗಷ್ಟೇ ಇಳಿದದ್ದು. ಬೆಲ್ಲ ಇಲ್ಲ, ತುಪ್ಪ ಇಲ್ಲ, ಏಲಕ್ಕಿ ಇಲ್ಲ. ಒಂದು ಸಣ್ಣ ಲೋಟ ಸಾಕು, ನಿಮ್ಮ ಲೋಟ ಅಲ್ಲ, ಆಸ್ಪತ್ರೆಯ ಲೋಟ. ಜಯಂತನ ಕೈಯಲ್ಲಿ ಕಳಿಸಬೇಡಿ, ನೀವೇ ತನ್ನಿ. ನೀವೇ ಚಮಚದಲ್ಲಿ ಕೊಡಿ. ಅಕ್ಕ ಸಾಕು ಎಂದ ಕೂಡಲೇ ನಿಲ್ಲಿಸಬೇಕು. ಯಾಕೆ ಎಂದು ಕೇಳಬಾರದು, ಮುಖ ಸಣ್ಣದು ಮಾಡಬಾರದು. ಇದು ಆಸ್ಪತ್ರೆಯ ನಿಯಮ ಎಂದೇ ತಿಳಿಯಿರಿ. ಇಷ್ಟು ಆಗದಿದ್ದರೆ ಅಕ್ಕ ಇಲ್ಲಿಂದ ಮನೆಗೆ ಬಂದ ವಾರಕ್ಕೇ ಮತ್ತೊಂದು ವ್ರತ ಹಿಡಿಯುತ್ತಾರೆ. ಆಗ ನನ್ನ ಹತ್ತಿರ ಯಾವ ಇಂಜೆಕ್ಷನ್ನೂ ಇರುವುದಿಲ್ಲ.

ಇತಿ,
ಸೌಮ್ಯಶ್ರೀ

ತಾ.ಕ.: ಇದೆಲ್ಲ ನಿಮಗೆ ಹೇಳಬಾರದೆಂದು ಅಕ್ಕ ಆಣೆ ಹಾಕಿಸಿದ್ದರು. ಆಣೆ ಮುರಿದೆ. ನಿನ್ನೆ ತಲೆ ಬಾಚುವಾಗ ಅವರು ನನ್ನನ್ನು ಕೇಳಿದರು, “ನಾನು ವ್ರತ ಹಿಡಿದೆ, ನೀನು ಬಸ್ಸು ಹಿಡಿದೆ. ಎರಡೂ ಒಂದೇ ಕಾರಣಕ್ಕಾ?” ನಾನು ಜಡೆ ಹೆಣೆದು ಮುಗಿಸಿದೆ.

*

ಅಡೂರು
ನವೆಂಬರ್ 23, ಭಾನುವಾರ

ಪ್ರೀತಿಯ ಸೌಮ್ಯಾ,

ನನ್ನ ಪೆನ್ನಿಗೆ ಮಾನ ಮರ್ಯಾದೆ ಕಮ್ಮಿ, ಹಾಗಾಗಿ ಆ ಶಬ್ದ ಬರೆದುಬಿಟ್ಟೆ. ಬೇಡದಿದ್ದರೆ ಹೊಡೆದುಹಾಕು.

ನಿನ್ನೆ ಬದಿಯಡ್ಕದಲ್ಲಿ ಒಂದು ಮದುವೆಯ ಊಟ ಒಪ್ಪಿಕೊಂಡಿದ್ದೆ. ನನ್ನ ಜೊತೆ ಅಡುಗೆಗೆ ಬರುವ ಗೌರೀಶಂಕರನಿಗೆ ಸೌಟು ಕೊಟ್ಟು ಬಂದೆ. “ಭಟ್ರೇ, ಇಷ್ಟು ದೊಡ್ಡ ಊಟ ಬಿಟ್ಟು ಎಲ್ಲಿಗೆ?” ಎಂದು ಕೇಳಿದ. “ಅದಕ್ಕಿಂತ ದೊಡ್ಡದೊಂದು ಉಂಟು” ಎಂದೆ. ಹೇಳಿದ ಮೇಲೆ ನನಗೇ ನಗು ಬಂತು. ಒಂದು ಲೋಟ ಗಂಜಿ. ಅದನ್ನು ಮಾಡಲಿಕ್ಕೆ ನನ್ನ ಮನೆಯಲ್ಲಿ ಪಾತ್ರೆಯೇ ಇಲ್ಲ ಮಾರಾಯ್ತಿ. ನಮ್ಮಲ್ಲಿ ಇರುವ ಅತಿ ಸಣ್ಣದರಲ್ಲಿ ಅರ್ಧ ಊರು ಉಣ್ಣಬಹುದು. ಪಕ್ಕದ ಮನೆಯ ರಾಜೀವಿ ಹತ್ತಿರ ಮಗುವಿನ ಹಾಲು ಕಾಯಿಸುವ ಪಾತ್ರೆ ಕೇಳಿ ತಂದೆ. ಮೊದಲನೆಯದು ತಳ ಹಿಡಿಯಿತು. ಎರಡನೆಯದು ಗಂಟಾಯಿತು. ಇಂಥ ಗಂಜಿ ಕಾಯಿಸಿ ಬೈಸಿಕೊಂಡದ್ದು ಅಕ್ಕನ ಹತ್ತಿರ ಅಡುಗೆ ಕಲಿಯುವಾಗ. ಮೂರನೆಯದು ಸರಿ ಬಂತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಜಯಂತ ಟಿಕೆಟ್ ಕೊಡುವಾಗ ನನ್ನ ಮುಖ ನೋಡಲಿಲ್ಲ, ಪಾಪ, ನೀನು ಅವನಿಗೆ ಏನು ಹೇಳಿದ್ದೀಯೋ.

ನೀನು ವಾರ್ಡಿನ ಬಾಗಿಲಲ್ಲಿ ಪೊಲೀಸಿನವರ ಹಾಗೆ ನಿಂತಿದ್ದೆ. ನನಗೆ ಹೆದರಿಕೆಯೂ ಆಯಿತು, ನೋಡಿ ಸಂತೋಷವೂ ಆಯಿತು. ನಡುವೆ ನಿನ್ನನ್ನು ಯಾರೋ ಕರೆದರು, ನೀನು ಹೋದೆ. ಆಮೇಲೆ ನಡೆದದ್ದನ್ನು ನೀನು ನೋಡಲಿಲ್ಲ. ಅದನ್ನು ಹೇಳಲಿಕ್ಕೇ ಈ ಕಾಗದ.

ಅಕ್ಕ ಚಮಚ ಚಮಚವಾಗಿ ಕುಡಿದಳು. ಪ್ರತಿ ಸಲ ನುಂಗಿ, ಎದೆಯ ಮೇಲೆ ಕೈಯಿಟ್ಟು, ಇಳಿಯಿತಾ ಎಂದು ಕಾದು ನೋಡುತ್ತಿದ್ದಳು. ನಾನೂ ಕಾಯುತ್ತಿದ್ದೆ. ಇಳಿದದ್ದು ನನ್ನದೇ ಗಂಟಲಲ್ಲಿ ಇಳಿದ ಹಾಗಾಗುತ್ತಿತ್ತು. ಲೋಟದಲ್ಲಿ ಇನ್ನೂ ಇರುವಾಗಲೇ, “ಸಾಕು” ಎಂದಳು. ಅವಳು ಹೇಳುವಷ್ಟರಲ್ಲಿ ನನ್ನ ಕೈ ಇನ್ನೊಂದು ಚಮಚ ಎತ್ತಿ ಆಗಿತ್ತು. ನಾನು ಎತ್ತಿದ್ದಲ್ಲ ಸೌಮ್ಯಾ, ಕೈ ತಾನಾಗಿ ಎತ್ತಿದ್ದು. ಬಾಯಿಯ ತುದಿಗೆ ‘ಇದೊಂದು’ ಎಂದು ಬಂದಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಹೆದರಿಕೆ ಇತ್ತು. ನನ್ನನ್ನು ಎತ್ತಿ ಸಾಕಿದವಳು, ನನ್ನ ಕೈಯ ಚಮಚಕ್ಕೆ ಹೆದರಿ ಕೂತಿದ್ದಳು.

ಆ ಚಮಚವನ್ನು ಎಲ್ಲಿಡುವುದೆಂದು ತಿಳಿಯದೆ ನಾನೇ ಬಾಯಿಗೆ ಹಾಕಿಕೊಂಡೆ. ಸಪ್ಪೆ. “ಆಯ್ತು” ಎಂದೆ, ಅಷ್ಟೇ ಹೇಳಿದೆ. ಮುಖ ಸಣ್ಣದಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಕನ್ನಡಿ ಇರಲಿಲ್ಲ. ಅಕ್ಕ ಇನ್ನೂ ನೋಡುತ್ತಲೇ ಇದ್ದಳು. ಲೋಟ ಮುಚ್ಚಿಟ್ಟು ಕೈ ಒರೆಸಿಕೊಂಡೆ. ಆಗ ಅವಳು ಮೆಲ್ಲನೆ, “ಉಪ್ಪು ಸಾಲದು ಮಾರಾಯ ಇದಕ್ಕೆ” ಎಂದಳು.

ನಿನ್ನಾಣೆ, ಆಸ್ಪತ್ರೆಯ ನಿಯಮ ಎಂದು ಹೇಳಲಿಕ್ಕೆ ಬಾಯಿ ತೆರೆದೆ. ಅವಳು ಬಿಡಲಿಲ್ಲ. “ಮತ್ತೆ ಪಾರಣೆಯ ಪಾಯಸಕ್ಕೆ ಬೆಲ್ಲ ಅತಿಯಾಗಿತ್ತು. ನಿನ್ನ ಸಾಂಬಾರಿಗೆ ಯಾವಾಗ್ಲೂ ಇಂಗು ಜಾಸ್ತಿ. ಆ ಎಳೆ ಹಲಸಿನ ಗುಜ್ಜೆ ಪಲ್ಯ ಉಂಟಲ್ಲ, ಅದು ನನಗೆ ಮೊದಲಿಂದ್ಲೂ ಆಗುದಿಲ್ಲ, ಜನ ಯಾಕೆ ಹೊಗಳ್ತಾರೋ.” ನೀರಿನ ನಲ್ಲಿ ಬಿಟ್ಟ ಹಾಗೆ ಬರುತ್ತಲೇ ಇತ್ತು. ಪಕ್ಕದ ಮಂಚದವಳು ಎದ್ದು ಕೂತು ಕೇಳುತ್ತಿದ್ದಳು. ನಾನು ನಗಲಿಕ್ಕೆ ಶುರುಮಾಡಿದೆ, ಅದು ಎಲ್ಲಿಯೋ ಅಳುವಾಯಿತು. ಎಷ್ಟೋ ಜನ ನನಗೆ ಶಾಲು ಹೊದಿಸಿದ್ದಾರೆ, ವೇದಿಕೆಗೆ ಕರೆದು ಅನ್ನಪೂರ್ಣೆಯ ಮಗ ಎಂದಿದ್ದಾರೆ. ಯಾರೂ ಒಂದು ದಿನ ಉಪ್ಪು ಸಾಲದು ಎಂದು ಹೇಳಲಿಲ್ಲ. ಹೇಳುವಷ್ಟು ಹತ್ತಿರಕ್ಕೆ ನಾನು ಯಾರನ್ನೂ ಬಿಟ್ಟಿರಲಿಲ್ಲವೋ ಏನೋ.

ಡಾಕ್ಟರು ಮಂಗಳವಾರ ಕಳಿಸುತ್ತಾರಂತೆ. ಮನೆಗೆ ಬಂದ ಮೇಲೆ ಎಷ್ಟು, ಎಷ್ಟು ಹೊತ್ತಿಗೆ, ಎಲ್ಲ ನೀನು ಹೇಳಿದ ಹಾಗೆ. ಸಂಶಯ ಬಂದರೆ ಬರೆದು ಕೇಳುತ್ತೇನೆ.

ನಿನ್ನ,
ಮುರಳಿ

ತಾ.ಕ.: ಅಕ್ಕ ತನ್ನದೆಲ್ಲ ಹೇಳಿಯಾಯಿತು. ನೀನು ಆರು ವರ್ಷ ನನ್ನ ಕೈಯೂಟ ಉಂಡವಳು. ಯಾವುದು ನಿನಗೆ ಹಿಡಿಸುತ್ತಿರಲಿಲ್ಲ ಎಂದು ನಾನು ಒಂದು ದಿನವೂ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಅಡುಗೆ ಮಾತ್ರ ಎಂದೇನಿಲ್ಲ, ಬೇರೆಯದ್ದೂ ಬರೆ. ಬರೆದಮೇಲೆ ಇಲ್ಲಿಗೆ ಬರಲೇಬೇಕೆಂದು ಏನೂ ಇಲ್ಲ.